ಕಪಾಟಿನಲ್ಲಿದೆ, ಕಂಪ್ಯೂಟರಿನಲ್ಲಿಲ್ಲ: ಗ್ರಂಥಾಲಯದ ಮುಕ್ತ ದತ್ತಾಂಶ ಅಂದರೇನು, ಅದನ್ನು ಸಿದ್ಧಪಡಿಸುವುದು ಹೇಗೆ

ಮಂಜೇಶ್ವರದಿಂದ ಹೊಸದುರ್ಗದ ತನಕ ಗಡಿನಾಡಿನ ಹಳೆಯ ವಾಚನಾಲಯಗಳಲ್ಲಿ ದಪ್ಪ ರಟ್ಟಿನ ಸ್ಟಾಕ್ ರಿಜಿಸ್ಟರ್ ಇನ್ನೂ ಮೇಜಿನ ಮೇಲೆಯೇ ಇದೆ. ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸವೂ ಒಂದೊಂದೇ ಕಡೆ ನಡೆಯುತ್ತಿದೆ. ಏರಿಸಿ ಮುಗಿದ ಮೇಲೆ ಓದುಗರಿಂದ ಬರುವ ದೂರು ಸಾಮಾನ್ಯವಾಗಿ ಒಂದೇ: ಪುಸ್ತಕ ಕಪಾಟಿನಲ್ಲಿ ಕಣ್ಣೆದುರೇ ಇದೆ, ಹುಡುಕಿದರೆ ಕಂಪ್ಯೂಟರ್ ‘ಇಲ್ಲ’ ಅನ್ನುತ್ತದೆ. ಕಾಸರಗೋಡಿನ ಸಾರ್ವಜನಿಕ ಗ್ರಂಥಾಲಯಗಳು ನಡೆಯುವುದು 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅಡಿಯಲ್ಲಿ. ಸುತ್ತಲಿನ ವ್ಯವಹಾರದ ಭಾಷೆ ಮಲಯಾಳ. ಹಾಗಾಗಿ ಕನ್ನಡ, ತುಳು ಪುಸ್ತಕಗಳ ಮಟ್ಟಿಗೆ ಈ ತೊಂದರೆ ಇಮ್ಮಡಿ. ಇದಕ್ಕೆ ಕಾರಣಗಳು ಏನೇನು, ಪಟ್ಟಿಯನ್ನು ಹೇಗೆ ಮಾಡಿದರೆ ನಾಲ್ಕು ಜನರಿಗೆ ಉಪಯೋಗಕ್ಕೆ ಬಂದೀತು ಎಂಬುದನ್ನು ಬುಡದಿಂದ ನೋಡೋಣ.

ದತ್ತಾಂಶ ಯಾವುದು, ಅದು ಮುಕ್ತವಾಗುವುದು ಯಾವಾಗ

ಪುಸ್ತಕದೊಳಗಿನ ಬರಹ ಬೇರೆ, ಪುಸ್ತಕದ ಬಗೆಗಿನ ವಿವರ ಬೇರೆ. ಶೀರ್ಷಿಕೆ, ಬರೆದವರು, ಪ್ರಕಾಶಕರು, ವರ್ಷ, ಪುಟ, ಭಾಷೆ, ಯಾವ ಕಪಾಟು ಎಂಬ ವಿವರಗಳೇ ಗ್ರಂಥಾಲಯದ ದತ್ತಾಂಶ. ಇದಕ್ಕೆ ಮೆಟಾಡೇಟಾ ಎಂಬ ಹೆಸರೂ ಇದೆ. ಮುಕ್ತ ದತ್ತಾಂಶ ಅಂದಕೂಡಲೇ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕುವುದು ಎಂದು ಹಲವರು ತಿಳಿಯುತ್ತಾರೆ. ಅದು ಬೇರೆಯೇ ಕೆಲಸ, ಅದರ ಕಾನೂನೂ ಬೇರೆ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಜೀವಿತಕಾಲದಲ್ಲಿ ಅಚ್ಚಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ. ಅವರ ಕೃತಿಗಳನ್ನು 2075 ಮುಗಿಯುವ ತನಕ ಅನುಮತಿ ಇಲ್ಲದೆ ಸ್ಕ್ಯಾನ್ ಮಾಡಿ ಹಂಚುವಂತಿಲ್ಲ. ಆದರೆ ‘ಈ ಪುಸ್ತಕ ನಮ್ಮಲ್ಲಿ ಇದೆ’ ಎಂದು ಹೇಳುವ ಪಟ್ಟಿಯನ್ನು ಹಂಚಲು ಇಬ್ಬರ ವಿಷಯದಲ್ಲೂ ಅಡ್ಡಿಯಿಲ್ಲ.

ಪಟ್ಟಿ ಮುಕ್ತವಾಗಬೇಕಾದರೆ ಯಾರು ಬೇಕಾದರೂ ಅದನ್ನು ಪಡೆಯಲು, ಬಳಸಲು, ತಿದ್ದಿ ಮತ್ತೆ ಹಂಚಲು ಸಾಧ್ಯವಾಗಬೇಕು, ಮತ್ತು ಹಾಗೆ ಮಾಡಬಹುದು ಎಂದು ಬರೆದಿಟ್ಟಿರಬೇಕು. ವರ್ಲ್ಡ್ ವೈಡ್ ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 2010ರಲ್ಲಿ ಇದಕ್ಕೆ ಐದು ನಕ್ಷತ್ರಗಳ ಅಳತೆ ಕೊಟ್ಟರು. ಮುಕ್ತ ಪರವಾನಗಿಯೊಂದಿಗೆ ಯಾವುದೇ ರೂಪದಲ್ಲಿ ಹಾಕಿದರೆ, ಪಿಡಿಎಫ್ ಆದರೂ ಸರಿ, ಒಂದು ನಕ್ಷತ್ರ. ಎಕ್ಸೆಲ್‌ನಂಥ ಕೋಷ್ಟಕವಾಗಿದ್ದರೆ ಎರಡು. ಒಂದೇ ಕಂಪನಿಯ ಸಾಫ್ಟ್‌ವೇರಿಗೆ ಅಂಟಿಕೊಳ್ಳದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಕೋಷ್ಟಕ) ರೂಪವಾದರೆ ಮೂರು. ಪ್ರತಿ ಪುಸ್ತಕಕ್ಕೂ ಬದಲಾಗದ ಜಾಲವಿಳಾಸ ಇದ್ದರೆ ನಾಲ್ಕು, ಅದು ಹೊರಗಿನ ದತ್ತಾಂಶದ ಜೊತೆ ಕೊಂಡಿ ಬೆಸೆದುಕೊಂಡರೆ ಐದು. ಗ್ರಾಮೀಣ ಗ್ರಂಥಾಲಯವೊಂದು ಮೂರನೆಯ ನಕ್ಷತ್ರಕ್ಕೆ ತಲುಪಿದರೆ ದೊಡ್ಡ ಮಾತು. ಅದಕ್ಕೆ ದುಡ್ಡು ಖರ್ಚಿಲ್ಲ, ತಾಳ್ಮೆ ಮಾತ್ರ ಬೇಕು.

ಒಂದು ಕಾಲಂಗೆ ಒಂದೇ ಸಂಗತಿ

ರಿಜಿಸ್ಟರಿನಲ್ಲಿ ‘ಪುಸ್ತಕದ ಹೆಸರು ಮತ್ತು ವಿವರ’ ಎಂಬ ಅಗಲವಾದ ಒಂದೇ ಕಾಲಂ ಇರುತ್ತದೆ. ಶೀರ್ಷಿಕೆ, ಸಂಪುಟ, ಅನುವಾದಕರ ಹೆಸರು, ‘ಎರಡನೇ ಮುದ್ರಣ’, ‘ರಟ್ಟು ಹರಿದಿದೆ’ ಎಲ್ಲವೂ ಅದರಲ್ಲೇ. ಇದನ್ನು ಇದ್ದ ಹಾಗೆ ಟೈಪ್ ಮಾಡುವುದೇ ಮೊದಲ ಎಡವಟ್ಟು. ಹೊಸ ಅಡಿಕೆ, ಪಟೋರ, ಕರಿಗೋಟು ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ಅಂಗಡಿಗೆ ಒಯ್ದರೆ ಒಳ್ಳೆಯ ಅಡಿಕೆಗೂ ಕರಿಗೋಟಿನ ಕ್ರಯವೇ ಸಿಕ್ಕೀತು; ವಿಂಗಡಿಸಿದರೆ ಮಾತ್ರ ಬೆಲೆ. ಪಟ್ಟಿಯದೂ ಅದೇ ಕಥೆ. ಅನುವಾದಕರ ಹೆಸರು ಶೀರ್ಷಿಕೆಯ ಜೊತೆ ಬೆರೆತಿದ್ದರೆ ‘ಮಲಯಾಳದಿಂದ ಕನ್ನಡಕ್ಕೆ ಬಂದ ಪುಸ್ತಕಗಳನ್ನು ತೋರಿಸು’ ಎಂದು ಕೇಳುವ ದಾರಿಯೇ ಮುಚ್ಚಿಹೋಗುತ್ತದೆ. ಕಾಸರಗೋಡಿನ ಗ್ರಂಥಾಲಯದಲ್ಲಿ ಓದುಗರು ಕೇಳುವ ಪ್ರಶ್ನೆಯೋ ಅದೇ.

ಕನಿಷ್ಠ ಬೇಕಾದ ಕಾಲಂಗಳು ಇವು: ಅಕ್ಸೆಶನ್ ನಂಬರ್ (ಪುಸ್ತಕದ ಒಂದೊಂದು ಪ್ರತಿಗೂ ಗ್ರಂಥಾಲಯ ಕೊಡುವ ದಾಖಲೆ ಸಂಖ್ಯೆ), ಶೀರ್ಷಿಕೆ, ಉಪಶೀರ್ಷಿಕೆ, ಸಂಪುಟ, ಲೇಖಕ, ಅನುವಾದಕ ಅಥವಾ ಸಂಪಾದಕ, ಪ್ರಕಾಶಕ, ಪ್ರಕಟವಾದ ಊರು, ವರ್ಷ, ಮುದ್ರಣ, ಪುಟ, ಭಾಷೆ, ಲಿಪಿ, ಮೂಲ ಭಾಷೆ, ಐಎಸ್‌ಬಿಎನ್ (ಪುಸ್ತಕದ ಅಂತಾರಾಷ್ಟ್ರೀಯ ಗುರುತು ಸಂಖ್ಯೆ), ವರ್ಗ ಸಂಖ್ಯೆ (ವಿಷಯಕ್ಕೆ ತಕ್ಕಂತೆ ಕಪಾಟಿನಲ್ಲಿ ಜೋಡಿಸುವ ಸಂಖ್ಯೆ), ಷರಾ. ಗೊತ್ತಿಲ್ಲದ ಮನೆಯನ್ನು ಖಾಲಿ ಬಿಡಿ. ‘ಇಲ್ಲ’, ‘ಗೊತ್ತಿಲ್ಲ’, ಅಡ್ಡಗೆರೆ, ಸೊನ್ನೆ ಅಂತೆಲ್ಲ ತುಂಬಿದರೆ ಕಂಪ್ಯೂಟರ್ ಅವನ್ನೂ ನಿಜವಾದ ವಿವರ ಎಂದೇ ಎಣಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ಕಾದಂಬರಿಯ ಮೂರು ಪ್ರತಿ ಇದ್ದರೆ ರಿಜಿಸ್ಟರಿನಲ್ಲಿ ಮೂರು ಸಾಲು, ಮೂರು ಅಕ್ಸೆಶನ್ ನಂಬರ್. ಓದುಗರಿಗೆ ಅದು ಒಂದೇ ಪುಸ್ತಕ. ಹಾಗಾಗಿ ಎರಡು ಹಾಳೆ ಮಾಡುವುದು ಲೇಸು: ಶೀರ್ಷಿಕೆಗಳದ್ದೊಂದು, ಪ್ರತಿಗಳದ್ದೊಂದು. ಶೀರ್ಷಿಕೆ ಹಾಳೆಯ ಪ್ರತಿ ಸಾಲಿಗೂ ಒಂದು ಗುರುತು ಸಂಖ್ಯೆ ಕೊಟ್ಟು, ಪ್ರತಿಗಳ ಹಾಳೆಯಲ್ಲಿ ಅಕ್ಸೆಶನ್ ನಂಬರಿನ ಪಕ್ಕ ಅದೇ ಗುರುತನ್ನು ಬರೆದರೆ ಎರಡೂ ಬೆಸೆಯುತ್ತವೆ. ಕಾಗುಣಿತ ತಿದ್ದಬೇಕಾದರೆ ಒಂದೇ ಕಡೆ ತಿದ್ದಿದರಾಯಿತು.

ವರ್ಷದ ಕಾಲಂನಲ್ಲಿ ನಾಲ್ಕು ಅಂಕಿ ಬಿಟ್ಟು ಬೇರೇನೂ ಇರಬಾರದು. ಹಳೆಯ ಪುಸ್ತಕಗಳಲ್ಲಿ ಇಸವಿಯ ಬದಲು ಪ್ರಭವ, ವಿಭವ ಎಂದು ಸಂವತ್ಸರದ ಹೆಸರು ಮಾತ್ರ ಇರುವುದುಂಟು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಅಂದಾಜಿನಿಂದ ಇಸವಿ ಬರೆಯುವ ಬದಲು ಅದನ್ನು ಷರಾ ಕಾಲಂಗೆ ಹಾಕಿ, ವರ್ಷವನ್ನು ಖಾಲಿ ಬಿಡುವುದೇ ಸರಿ.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ

ಕನ್ನಡ ಪಟ್ಟಿಗಳು ಹೆಚ್ಚು ಕೆಡುವುದು ಇಲ್ಲಿಯೇ. ‘ಮಂಜೇಶ್ವರ’ ಮತ್ತು ‘ಮ೦ಜೇಶ್ವರ’ ಎಂಬ ಎರಡು ಪದಗಳನ್ನು ನೋಡಿ. ವ್ಯತ್ಯಾಸ ಕಾಣುವುದು ಕಷ್ಟ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡ ಅಂಕಿ ಸೊನ್ನೆ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಕ್ರಮದಲ್ಲಿ ಎರಡರ ಸಂಖ್ಯೆ ಬೇರೆ ಬೇರೆ. ಆಕಾರ ಒಂದೇ ತೆರನಾದ್ದರಿಂದ ಟೈಪ್ ಮಾಡುವವರು ಸೊನ್ನೆಯನ್ನೇ ಒತ್ತುವುದು ಮಾಮೂಲಿ. ಆ ಪುಸ್ತಕ ಮುಂದೆ ಯಾರ ಹುಡುಕಾಟಕ್ಕೂ ಸಿಗುವುದಿಲ್ಲ. ಪರಿಹಾರ ಸುಲಭ: ಶೀರ್ಷಿಕೆ, ಲೇಖಕ, ಊರು, ಪ್ರಕಾಶಕರ ಕಾಲಂಗಳಲ್ಲಿ ಕನ್ನಡ ಸೊನ್ನೆಯನ್ನು ಹುಡುಕಿ ಅನುಸ್ವಾರಕ್ಕೆ ಬದಲಿಸಿ. ವರ್ಷ, ಬೆಲೆ, ಪುಟದ ಕಾಲಂಗಳನ್ನು ಮುಟ್ಟಬೇಡಿ, ಅಲ್ಲಿ ಅದು ನಿಜವಾಗಿಯೂ ಸೊನ್ನೆ. ಶೀರ್ಷಿಕೆಯಲ್ಲೇ ಕನ್ನಡ ಅಂಕಿಯಿದ್ದರೆ ಒಂದೊಂದಾಗಿ ನೋಡಿಯೇ ಬದಲಿಸಬೇಕು.

ಎರಡನೆಯದು ಇದಕ್ಕಿಂತ ಗುಟ್ಟಾದ ತೊಂದರೆ. ‘ಗೋ’ ಎಂಬ ಅಕ್ಷರವನ್ನು ಕಂಪ್ಯೂಟರ್ ಎರಡು ಬಗೆಯಲ್ಲಿ ಕೂಡಿಡಬಲ್ಲದು: ‘ಗ’ಕ್ಕೆ ಓತ್ವದ ಒಂದೇ ಚಿಹ್ನೆ ಸೇರಿಸಿ, ಅಥವಾ ‘ಗ’ಕ್ಕೆ ಎತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘದ ಗುರುತು ಎಂದು ಮೂರು ತುಂಡಾಗಿ. ಪರದೆಯ ಮೇಲೆ ಎರಡೂ ಒಂದೇ. ಹಳೆಯ ಫಾಂಟಿನಿಂದ ಯುನಿಕೋಡಿಗೆ ಪರಿವರ್ತಿಸಿದ ಪಠ್ಯದಲ್ಲಿ ತುಂಡು ಚಿಹ್ನೆಗಳು ನುಸುಳಬಹುದು. ಇದನ್ನು ಸರಿಮಾಡುವ ಕ್ರಮಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ. ಎನ್‌ಎಫ್‌ಸಿ ಎಂಬ ರೂಪಕ್ಕೆ ಇಡೀ ಫೈಲನ್ನು ಒಮ್ಮೆ ತಂದರೆ ತುಂಡುಗಳೆಲ್ಲ ಒಂದಾಗುತ್ತವೆ. ಸೊನ್ನೆ–ಅನುಸ್ವಾರದ ಗೊಂದಲ ಮಾತ್ರ ಇದರಿಂದ ಹೋಗುವುದಿಲ್ಲ, ಅದನ್ನು ಬೇರೆಯಾಗಿಯೇ ತಿದ್ದಬೇಕು.

ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿಯಾದರೆ ಕಥೆ ಮತ್ತೂ ಬೇರೆ. ಆ ಫೈಲಿನಲ್ಲಿ ನಿಜವಾಗಿ ಕನ್ನಡವೇ ಇಲ್ಲ. ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು, ಅವುಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದಾರೆ ಅಷ್ಟೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತದೆ. ಯುನಿಕೋಡ್ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಒಂದೇ ಫೈಲಿನಲ್ಲಿ ಇಂಗ್ಲಿಷ್ ಶೀರ್ಷಿಕೆಗಳೂ ಇದ್ದರೆ ಪರಿವರ್ತಕ ಅವನ್ನೂ ಕನ್ನಡ ಎಂದು ತಿಳಿದು ಹಾಳುಮಾಡುತ್ತದೆ. ಮೊದಲು ಭಾಷೆಯ ಕಾಲಂ ನೋಡಿ ಸಾಲುಗಳನ್ನು ಬೇರೆ ಮಾಡಿ, ಆಮೇಲೆ ಪರಿವರ್ತಿಸಿ. ಅರ್ಕಾವತ್ತು ಇರುವ ಪದಗಳನ್ನು ಪರಿವರ್ತನೆಯಾದ ಮೇಲೆ ಕಣ್ಣಾರೆ ನೋಡದೆ ಬಿಡಬೇಡಿ.

ಯಾವ ಭಾಷೆ, ಯಾವ ಲಿಪಿ

ಗಡಿನಾಡಿನಲ್ಲಿ ಈ ಎರಡು ಕಾಲಂಗಳನ್ನು ಬಿಡುವಂತೆಯೇ ಇಲ್ಲ. ಕನ್ನಡ ಓದಲು ಬಾರದವರು ಡೇಟಾ ಎಂಟ್ರಿಗೆ ಕೂತರೆ ಕನ್ನಡ ಪುಸ್ತಕದ ಹೆಸರನ್ನು ಕೇಳಿಕೊಂಡು ಮಲಯಾಳ ಲಿಪಿಯಲ್ಲೋ ಇಂಗ್ಲಿಷಿನಲ್ಲೋ ಹೊಡೆಯುತ್ತಾರೆ. ಮುಂದೆ ಯಂತ್ರದಿಂದ ಲಿಪಿ ಬದಲಿಸಿಕೊಳ್ಳೋಣ ಎಂಬ ಧೈರ್ಯ ಬೇಡ. ಮಲಯಾಳದಲ್ಲಿ ಮಂಜೇಶ್ವರವನ್ನು ಬರೆಯುವ ಕ್ರಮವನ್ನು ಅಕ್ಷರಕ್ಕೆ ಅಕ್ಷರ ಕನ್ನಡಕ್ಕೆ ತಂದರೆ ‘ಮಞ್ಚೇಶ್ವರಂ’ ಆಗುತ್ತದೆ. ಇಂಗ್ಲಿಷಿನ ಕಾಗುಣಿತದಿಂದ ತಂದರೆ ‘ಕಲ’ವೋ ‘ಕಾಲ’ವೋ ‘ಕಾಳ’ವೋ ಯಂತ್ರಕ್ಕೆ ತಿಳಿಯದು. ಶೀರ್ಷಿಕೆ ಪುಟದಲ್ಲಿ ಯಾವ ಲಿಪಿಯಿದೆಯೋ ಅದೇ ಲಿಪಿಯಲ್ಲಿ ಶೀರ್ಷಿಕೆ. ಮಲಯಾಳ ಅಥವಾ ಇಂಗ್ಲಿಷ್ ರೂಪ ಬೇಕಿದ್ದರೆ ಅದಕ್ಕೆ ಬೇರೆ ಕಾಲಂ.

ತುಳುವಿನದು ಇನ್ನೊಂದು ಪೇಚು. ತುಳು ಪುಸ್ತಕಗಳು ಬಹುಪಾಲು ಕನ್ನಡ ಲಿಪಿಯಲ್ಲೇ ಅಚ್ಚಾಗಿವೆ. ಮುಖಪುಟ ನೋಡಿ ‘ಭಾಷೆ: ಕನ್ನಡ’ ಎಂದು ಹಾಕಿಬಿಟ್ಟರೆ ತುಳು ಸಾಹಿತ್ಯವೇ ಪಟ್ಟಿಯಿಂದ ಮಾಯ. ಭಾಷೆ ತುಳು, ಲಿಪಿ ಕನ್ನಡ ಎಂದು ಬರೆಯಬೇಕು. ಗ್ರಂಥಾಲಯಗಳು ಬಳಸುವ ಮಾರ್ಕ್ ಭಾಷಾಸಂಕೇತಗಳ ಪಟ್ಟಿಯಲ್ಲಿ ಕನ್ನಡಕ್ಕೆ ಕೆ-ಎ-ಎನ್, ಮಲಯಾಳಕ್ಕೆ ಎಂ-ಎ-ಎಲ್, ಕೊಂಕಣಿಗೆ ಕೆ-ಒ-ಕೆ ಎಂದು ಸ್ವಂತ ಸಂಕೇತಗಳಿವೆ. ತುಳುವನ್ನು ಮಾತ್ರ ‘ಇತರ ದ್ರಾವಿಡ ಭಾಷೆಗಳು’ ಎಂಬ ಗುಂಪಿಗೆ ಸೇರಿಸಿದ್ದಾರೆ. ಐಎಸ್‌ಒ 639-3 ಎಂಬ ವಿಸ್ತೃತ ಪಟ್ಟಿಯಲ್ಲಿ ತುಳುವಿಗೆ ಟಿ-ಸಿ-ವೈ ಎಂಬ ಪ್ರತ್ಯೇಕ ಸಂಕೇತ ಇದೆ. ಅದನ್ನೇ ಬಳಸಿ, ಯಾವ ಪಟ್ಟಿಯ ಸಂಕೇತ ಎಂಬುದನ್ನೂ ನಮೂದಿಸಿದರೆ ತುಳು ಪುಸ್ತಕ ತುಳುವಾಗಿಯೇ ಉಳಿಯುತ್ತದೆ.

ವರ್ಗ ಸಂಖ್ಯೆಯ ಬಗ್ಗೆ ಉದ್ದಕ್ಕೆ ಹೇಳಬೇಕಾದ್ದಿಲ್ಲ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ಮಲಯಾಳ ಸಾಹಿತ್ಯ 894.812. ಕೊನೆಯ ಅಂಕಿ ತಪ್ಪಿದರೆ ಪುಸ್ತಕ ಪಕ್ಕದ ಭಾಷೆಯ ಕಪಾಟಿಗೆ ಹೋಗುತ್ತದೆ.

ಒಬ್ಬರಿಗೆ ಎಷ್ಟು ಹೆಸರು

ಎಂ. ಗೋವಿಂದ ಪೈ, ಗೋವಿಂದ ಪೈ ಎಂ., ಮಂಜೇಶ್ವರ ಗೋವಿಂದ ಪೈ, ರಾಷ್ಟ್ರಕವಿ ಗೋವಿಂದ ಪೈ. ನಾಲ್ಕೂ ಒಬ್ಬರೇ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ನಾಲ್ವರು ಲೇಖಕರು. ಕಯ್ಯಾರರ ಹೆಸರಂತೂ ಕಿಞ್ಞಣ್ಣ, ಕಿಂಞಣ್ಣ, ಕಿಞಣ್ಣ ಎಂದು ಮುದ್ರಕರ ಅನುಕೂಲದಂತೆ ಬದಲಾಗುತ್ತದೆ. ಒಂದು ರೂಪವನ್ನು ಅಧಿಕೃತ ಎಂದು ಆರಿಸಿ, ಉಳಿದವನ್ನು ಅದರ ಅಡಿಯಲ್ಲಿ ‘ಬೇರೆ ರೂಪ’ಗಳಾಗಿ ಇಡುವುದಕ್ಕೆ ಗ್ರಂಥಾಲಯ ಶಾಸ್ತ್ರದಲ್ಲಿ ಅಥಾರಿಟಿ ಕಂಟ್ರೋಲ್ ಎಂಬ ಹೆಸರಿದೆ.

ಇದಕ್ಕೆ ಓಪನ್‌ರಿಫೈನ್ ಎಂಬ ಉಚಿತ ಸಾಫ್ಟ್‌ವೇರ್ ಬಹಳ ಉಪಕಾರಿ. ಲೇಖಕರ ಕಾಲಂ ಆರಿಸಿ ‘ಕ್ಲಸ್ಟರ್’ ಎಂದು ಒತ್ತಿದರೆ ಒಂದೇ ಇರಬಹುದಾದ ಹೆಸರುಗಳನ್ನು ಗುಂಪು ಮಾಡಿ ತೋರಿಸುತ್ತದೆ. ಅದರ ಫಿಂಗರ್‌ಪ್ರಿಂಟ್ ಎಂಬ ಕ್ರಮ ಚುಕ್ಕಿ, ಅಲ್ಪವಿರಾಮಗಳನ್ನು ಕಿತ್ತು, ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಹೋಲಿಸುತ್ತದೆ. ಆದ್ದರಿಂದ ‘ಎಂ. ಗೋವಿಂದ ಪೈ’ ಮತ್ತು ‘ಗೋವಿಂದ ಪೈ ಎಂ.’ ತಾವಾಗಿಯೇ ಒಂದಾಗುತ್ತವೆ. ಚುಕ್ಕಿಯ ನಂತರ ಜಾಗ ಬಿಡದೆ ‘ಎಂ.ಗೋವಿಂದ ಪೈ’ ಎಂದು ಹೊಡೆದಿದ್ದರೆ ಮಾತ್ರ ಆಗುವುದಿಲ್ಲ: ಚುಕ್ಕಿ ಕಿತ್ತಾಗ ‘ಎಂಗೋವಿಂದ’ ಎಂಬ ಒಂದೇ ಪದ ಉಳಿಯುತ್ತದೆ. ಅದಕ್ಕೇ ಮೊದಲು ಚುಕ್ಕಿಗಳ ನಂತರ ಜಾಗ ಸೇರಿಸಿ, ಆಮೇಲೆ ಕ್ಲಸ್ಟರ್ ಮಾಡಬೇಕು. ಅಕ್ಷರಗಳ ಅಂತರ ಎಣಿಸುವ ಇನ್ನೊಂದು ಕ್ರಮ ಕಿಞ್ಞಣ್ಣ–ಕಿಂಞಣ್ಣ ಥರದವನ್ನು ಹಿಡಿಯುತ್ತದೆ. ಆದರೆ ಅದು ರಾಮಣ್ಣ ರೈ ಮತ್ತು ರಾಮಯ್ಯ ರೈಗಳನ್ನೂ ಒಬ್ಬರೇ ಅಂದೀತು. ಎಲ್ಲವನ್ನೂ ಒಟ್ಟಿಗೆ ಸೇರಿಸುವ ಗುಂಡಿ ಒತ್ತದೆ, ಗುಂಪು ಗುಂಪಾಗಿ ಓದಿ ಒಪ್ಪಿಗೆ ಕೊಡಬೇಕು. ಬೇಸರದ ಕೆಲಸ, ಬೇರೆ ದಾರಿಯಿಲ್ಲ.

ಊರಿನ ಹೆಸರಿಗೂ ಇದೇ ಚಿಕಿತ್ಸೆ. ಕುಂಬಳೆ–ಕುಂಬ್ಳೆ, ಮಂಗಳೂರು–ಮಂಗಳೂರು-1–ಮಂಗ್ಳೂರು ಎಲ್ಲ ಸಿಗುತ್ತವೆ. ಪುಸ್ತಕದಲ್ಲಿ ಅಚ್ಚಾದಂತೆ ಒಂದು ಕಾಲಂ, ಏಕರೂಪದ ಹೆಸರಿಗೆ ಇನ್ನೊಂದು ಕಾಲಂ ಇಡಿ. ಜಿಲ್ಲೆಯ ಹೆಸರಿನಿಂದ ವಿಂಗಡಿಸಲು ಹೋಗಬೇಡಿ. 1956ರ ನವೆಂಬರ್ 1ರ ಮೊದಲು ಇಲ್ಲಿಂದ ಹೊರಬಂದ ಪುಸ್ತಕದ ಮೇಲೆ ದಕ್ಷಿಣ ಕನ್ನಡ ಜಿಲ್ಲೆ ಎಂದಿದ್ದೀತು. ಕಾಸರಗೋಡು ಜಿಲ್ಲೆ ಆದದ್ದೇ 1984ರಲ್ಲಿ.

ಎಕ್ಸೆಲ್ ಮಾಡುವ ಉಪದ್ರ

ಐಎಸ್‌ಬಿಎನ್ 2007ರಿಂದ 13 ಅಂಕಿ. ಭಾರತದ ಪುಸ್ತಕಗಳಲ್ಲಿ ಅದು 978-81 ಅಥವಾ 978-93ರಿಂದ ಶುರುವಾಗುತ್ತದೆ. ಎಕ್ಸೆಲ್ ಇದನ್ನು ದೊಡ್ಡ ಮೊತ್ತ ಎಂದು ತಿಳಿದು 9.78ಇ+12 ಎಂದು ಮೊಟಕು ಮಾಡಿ ತೋರಿಸುತ್ತದೆ. ಹಾಗೆಯೇ ಸಿಎಸ್‌ವಿಗೆ ಉಳಿಸಿದರೆ ಉಳಿದ ಅಂಕಿಗಳು ಹೋದವು, ಮರಳಿ ಬಾರವು. 00412 ಎಂಬ ಅಕ್ಸೆಶನ್ ನಂಬರ್ 412 ಆಗುತ್ತದೆ. ಸಂಪುಟ ‘1-2’ ತಾರೀಕಾಗುತ್ತದೆ. ಟೈಪ್ ಮಾಡುವ ಮೊದಲೇ ಇಡೀ ಹಾಳೆಯನ್ನು ‘ಟೆಕ್ಸ್ಟ್’ ಎಂದು ಗುರುತಿಸಿಟ್ಟರೆ ಈ ಮೂರು ತೊಂದರೆಗಳೂ ತಪ್ಪುತ್ತವೆ.

ಐಎಸ್‌ಬಿಎನ್ ಸರಿಯಿದೆಯೇ ಎಂದು ನೋಡಲು ಅದರೊಳಗೇ ಲೆಕ್ಕವಿದೆ: ಎಡದಿಂದ ಅಂಕಿಗಳನ್ನು 1, 3, 1, 3 ಎಂದು ಸರದಿಯಲ್ಲಿ ಗುಣಿಸಿ ಕೂಡಿಸಿದರೆ ಮೊತ್ತ 10ರಿಂದ ಭಾಗವಾಗಬೇಕು. ಒಂದು ಅಂಕಿ ತಪ್ಪಿದರೂ ಭಾಗವಾಗುವುದಿಲ್ಲ. ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದೇ ಇಲ್ಲ, ಖಾಲಿ ಬಿಡಿ.

ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯನ್ನೇ ಒತ್ತಬೇಕು. ಬರೀ ‘ಸಿಎಸ್‌ವಿ’ ಎಂದು ಉಳಿಸಿದರೆ ಕನ್ನಡದ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳು ಕೂರುತ್ತವೆ. ಮೂಲ ಎಕ್ಸೆಲ್ ಫೈಲನ್ನು ಅಳಿಸಿದ್ದರೆ ಮತ್ತೆ ರಿಜಿಸ್ಟರ್ ಹಿಡಿದು ಕೂರುವುದೇ ಗತಿ.

ಕೊಹಾಕ್ಕೆ ಸೇರಿಸುವಾಗ

ಕೊಹಾ ಎಂಬುದು ಗ್ರಂಥಾಲಯ ನಡೆಸುವ ಮುಕ್ತ ತಂತ್ರಾಂಶ. 1999ರಲ್ಲಿ ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟಿಗಾಗಿ ಬರೆದು, ಮರುವರ್ಷ ಎಲ್ಲರಿಗೂ ಬಿಟ್ಟುಕೊಟ್ಟರು. ಅದು ವಿವರಗಳನ್ನು ಇಟ್ಟುಕೊಳ್ಳುವುದು ಮಾರ್ಕ್ 21 ಎಂಬ ರೂಪದಲ್ಲಿ. ಮಾರ್ಕ್‌ನಲ್ಲಿ ಪ್ರತಿ ಸಂಗತಿಗೂ ಮೂರಂಕಿಯ ಸಂಖ್ಯೆ: ಐಎಸ್‌ಬಿಎನ್ 020, ಲೇಖಕ 100, ಶೀರ್ಷಿಕೆ 245, ಪ್ರಕಟಣೆಯ ವಿವರ 264, ವಿಷಯ 650, ಅನುವಾದಕ 700. ಮಲಯಾಳದಿಂದ ಬಂದ ಕನ್ನಡ ಪುಸ್ತಕವಾದರೆ 041ರಲ್ಲಿ ಪಠ್ಯದ ಭಾಷೆ ಮತ್ತು ಮೂಲ ಭಾಷೆ ಎರಡೂ ಬರುತ್ತವೆ. ಪ್ರತಿಗಳ ವಿವರಕ್ಕೆ ಕೊಹಾ 952ನ್ನು ಬಳಸುತ್ತದೆ.

ಕಾಲಂಗಳು ಬಿಡಿಬಿಡಿಯಾಗಿದ್ದರೆ ಮಾರ್ಕ್‌ಎಡಿಟ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ‘ಈ ಕಾಲಂ 245ಕ್ಕೆ, ಇದು 100ಕ್ಕೆ’ ಎಂದು ಹೊಂದಿಸಿ ಪರಿವರ್ತಿಸಬಹುದು. ಮೊದಲು ಇಪ್ಪತ್ತು ಪುಸ್ತಕಗಳ ಫೈಲನ್ನು ಹಾಕಿ ನೋಡಿ. ಕೊಹಾದಲ್ಲಿ ಆಮದು ಎರಡು ಹಂತ: ಮೊದಲು ಬದಿಗಿರಿಸಿ ಪರಿಶೀಲನೆ, ನಂತರ ಸೇರಿಸುವುದು. ತಪ್ಪಿದ್ದರೆ ಆ ಕಂತನ್ನು ಹಿಂತೆಗೆಯಲೂ ಬರುತ್ತದೆ.

ಕನ್ನಡ ಶೀರ್ಷಿಕೆ ಸರಿಯಾಗಿ ಕಾಣುತ್ತಿದೆ, ಹುಡುಕಿದರೆ ಸಿಗುತ್ತಿಲ್ಲ ಎಂದಾದರೆ ಕೊಹಾದ ಹುಡುಕು ಯಂತ್ರದ ಹೊಂದಿಕೆ ನೋಡಿ. ಝೀಬ್ರಾ ಬಳಸುತ್ತಿದ್ದರೆ ಅದರ ಸೂಚಿ ‘ಐಸಿಯು’ ಕ್ರಮದಲ್ಲಿ ಇರಬೇಕು. ‘ಸಿಎಚ್‌ಆರ್’ ಕ್ರಮ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟದ್ದು. ಬದಲಿಸಿದ ಮೇಲೆ ಇಡೀ ಸೂಚಿಯನ್ನು ಮತ್ತೆ ಕಟ್ಟಿಸಬೇಕು.

ಬೇರೆ ಗ್ರಂಥಾಲಯದ ದಾಖಲೆಯನ್ನು ಝಡ್39.50 ಎಂಬ ವ್ಯವಸ್ಥೆಯ ಮೂಲಕ ನೇರ ಇಳಿಸಿಕೊಳ್ಳಲೂಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಕನ್ನಡ ಪುಸ್ತಕಗಳ ದಾಖಲೆಗಳು ಹೇರಳ. ಆದರೆ ಅವುಗಳಲ್ಲಿ ಹೆಚ್ಚಿನವು ಗೆರೆ–ಚುಕ್ಕಿ ಹಚ್ಚಿದ ರೋಮನ್ ಲಿಪಿಯಲ್ಲಿವೆ. ಇಳಿಸಿಕೊಂಡ ಮೇಲೆ 245ರಲ್ಲಿ ಕನ್ನಡ ಲಿಪಿಯ ಶೀರ್ಷಿಕೆ ಬರೆದು, ರೋಮನ್ ರೂಪವನ್ನು 246ಕ್ಕೆ ಸರಿಸಿದರೆ ಎರಡು ರೀತಿಯಲ್ಲೂ ಸಿಗುತ್ತದೆ.

ಪರವಾನಗಿ, ಮತ್ತು ಹಂಚಬಾರದ್ದು

ಜಾಲತಾಣದಲ್ಲಿ ಫೈಲ್ ಹಾಕಿದ ಮಾತ್ರಕ್ಕೆ ಅದು ಮುಕ್ತವಾಗದು. ಭಾರತದ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಡೇಟಾಬೇಸನ್ನೂ ಸಾಹಿತ್ಯ ಕೃತಿಯ ಸಾಲಿಗೆ ಸೇರಿಸಿದೆ. ಏನೂ ಬರೆಯದಿದ್ದರೆ ಬಳಸುವವರು ಹಿಂಜರಿಯುತ್ತಾರೆ. ಪುಸ್ತಕದ ವಿವರಗಳಿಗೆ ಸಿಸಿ ಝೀರೋ ಅತ್ಯಂತ ಸರಳ: ‘ನಮ್ಮ ಹಕ್ಕು ಬಿಟ್ಟುಕೊಟ್ಟಿದ್ದೇವೆ, ಹೇಗೆ ಬೇಕಾದರೂ ಬಳಸಿ.’ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯ 2012ರಲ್ಲಿ ಸುಮಾರು 1.2 ಕೋಟಿ ದಾಖಲೆಗಳನ್ನು ಹೀಗೆಯೇ ಬಿಟ್ಟುಕೊಟ್ಟಿತು. ವಿಕಿಪೀಡಿಯದ ಸೋದರ ಯೋಜನೆಯಾದ ಮುಕ್ತ ದತ್ತಾಂಶ ಭಂಡಾರ ವಿಕಿಡೇಟಾ ಕೂಡ ಇದೇ ಪರವಾನಗಿಯದು, ಹಾಗಾಗಿ ನಮ್ಮ ಪಟ್ಟಿಯ ವಿವರ ಅಲ್ಲಿಗೆ ಅಡ್ಡಿಯಿಲ್ಲದೆ ಹೋಗುತ್ತದೆ.

ಇಶ್ಯೂ ರಿಜಿಸ್ಟರ್ ಮಾತ್ರ ಎಂದೂ ಹೊರಗೆ ಹೋಗಬಾರದು. ಯಾರು ಯಾವ ಪುಸ್ತಕ ಒಯ್ದರು, ಸದಸ್ಯರ ವಿಳಾಸ, ಫೋನ್ ನಂಬರ್ ಇವು ವೈಯಕ್ತಿಕ ಮಾಹಿತಿ. ಷರಾ ಕಾಲಂ ಮೇಲೂ ಒಂದು ಕಣ್ಣಿರಲಿ. ‘ಇಂಥವರು ಒಯ್ದು ತಂದುಕೊಟ್ಟಿಲ್ಲ’ ಎಂಬ ಸಾಲು ಇರುವುದು ಅಲ್ಲಿಯೇ.

ಜಾಲತಾಣದಲ್ಲಿ ಜೋಡಿಸುವ ಬಗೆ

ಬಂದವರಲ್ಲಿ ಎರಡು ಬಗೆ. ‘ಈ ಪುಸ್ತಕ ಇದೆಯೇ’ ಎಂದು ಕೇಳುವ ಓದುಗರಿಗೆ ಹುಡುಕುವ ಪೆಟ್ಟಿಗೆ ಬೇಕು. ‘ಇಡೀ ಪಟ್ಟಿ ಕೊಡಿ’ ಅನ್ನುವ ಸಂಶೋಧಕರಿಗೋ ಪಕ್ಕದ ಗ್ರಂಥಾಲಯಕ್ಕೋ ಫೈಲ್ ಬೇಕು. ಎರಡನ್ನೂ ಒಂದೇ ಪುಟದಲ್ಲಿ ಬೆರೆಸಿದರೆ ಇಬ್ಬರಿಗೂ ಕಿರಿಕಿರಿ. ಫೈಲಿನ ಪುಟದಲ್ಲಿ ಸಿಎಸ್‌ವಿಯ ಜೊತೆಗೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಒಂದು ಚಿಕ್ಕ ಟಿಪ್ಪಣಿ ಇರಲಿ: ಪ್ರತಿ ಕಾಲಂನ ಅರ್ಥ, ಯಾವ ಭಾಷಾಸಂಕೇತದ ಪಟ್ಟಿ ಬಳಸಿದ್ದು, ಪರವಾನಗಿ, ಕೊನೆಯ ಬಾರಿ ತಿದ್ದಿದ ತಾರೀಕು, ತಪ್ಪು ಕಂಡರೆ ತಿಳಿಸಬೇಕಾದ ಗ್ರಂಥಾಲಯದ ವಿಳಾಸ. ಫೈಲಿನ ಹೆಸರಿನಲ್ಲಿ ‘ಹೊಸತು’, ‘ಫೈನಲ್’ ಬೇಡ, ವರ್ಷ-ತಿಂಗಳು ಹಾಕಿ. ಹಳೆಯ ಆವೃತ್ತಿಗಳನ್ನೂ ಉಳಿಸಿಕೊಳ್ಳಿ.

ಪ್ರತಿ ಪುಸ್ತಕಕ್ಕೂ ಒಂದು ಪುಟ ಕೊಡುವುದಾದರೆ ಅದರ ಜಾಲವಿಳಾಸವನ್ನು ಶೀರ್ಷಿಕೆಯಿಂದ ಮಾಡದೆ ಗುರುತು ಸಂಖ್ಯೆಯಿಂದ ಮಾಡಿ. ಶೀರ್ಷಿಕೆಯ ಕಾಗುಣಿತ ನಾಳೆ ತಿದ್ದುಪಡಿಯಾದರೂ ಕೊಂಡಿ ಮುರಿಯದು. ಗೆದ್ದಲು ತಿಂದು ಹೋದ, ಕಳೆದುಹೋದ ಪುಸ್ತಕಗಳ ಸಾಲನ್ನು ಅಳಿಸಬೇಡಿ. ಸ್ಥಿತಿ ಎಂಬ ಕಾಲಂನಲ್ಲಿ ‘ಈಗ ಇಲ್ಲ’ ಎಂದು ತಾರೀಕಿನೊಂದಿಗೆ ಬರೆಯಿರಿ. ಆ ಅಕ್ಸೆಶನ್ ನಂಬರನ್ನು ಹೊಸ ಪುಸ್ತಕಕ್ಕೆ ಕೊಟ್ಟರೆ ಹಳೆಯ ಫೈಲ್ ಇಳಿಸಿಕೊಂಡವರ ಪಟ್ಟಿಯಲ್ಲಿ ಒಂದೇ ನಂಬರಿಗೆ ಎರಡು ಪುಸ್ತಕ ಬಂದು ಕೂರುತ್ತವೆ.